ಹಳದಿ ಕೋಟಿನ ನಾಲ್ಕು ಹೆಸರು

ಓದಲು ಬಂದ ಸಂಸಾರಸ್ಥರಿಗೆಂದೇ ಕಟ್ಟಿದ ಆ ಐದು ಮಹಡಿಯ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಹೆಂಗಸಿನ ಕಾಲರಿಗೆ ಸದಾ ದಾರ ಪೋಣಿಸಿದ ಸೂಜಿ ಚುಚ್ಚಿರುತ್ತಿತ್ತು. ಗುಬ್ಬಿಯ ಅಮ್ಮ ಆಕೆಗೆ ಸೂಜಿಯಮ್ಮ ಎಂದು ಹೆಸರಿಟ್ಟಿದ್ದಳು. ಪರದೇಶಕ್ಕೆ ಬಂದು ಮೂರು ತಿಂಗಳು; ಮೊದಲ ದಿನದಿಂದಲೂ ಸೂಜಿಯಮ್ಮನ ಮೇಲೆ ಅವಳದೊಂದು ಕಣ್ಣು.

ಅನುಮಾನ ಸುಮ್ಮನೆ ಬಂದದ್ದಲ್ಲ. ಬುಟ್ಟಿ ಇಳಿಸಿದ ಕೂಡಲೇ ಸೂಜಿಯಮ್ಮ ಬಗ್ಗಿ ನೋಡುತ್ತಿದ್ದಳು. "ಈ ಪ್ಯಾಂಟು ಕೊಳೆಯೇ ಆಗಿಲ್ವಲ್ಲಮ್ಮ, ಯಾಕೆ ಒಗೀತೀಯಾ? ಗಾಳಿಗೆ ಹಾಕು, ಸಾಕು." ಅರ್ಧ ತುಂಬಿದ ಯಂತ್ರ ಶುರುಮಾಡಲು ಬಿಡಳು. ಒಣಗಿಸುವ ಯಂತ್ರಕ್ಕೆ ಅಡ್ಡವಾಗಿ ಹಗ್ಗ ಕಟ್ಟಿ, ಬಟ್ಟೆ ಅಲ್ಲೇ ಹರವಿಸುವಳು. "ನಮ್ಮತ್ತೆ ಕೂಡ ನನ್ನ ಬಟ್ಟೆ ಹೀಗೆ ತಡಕಿರಲಿಲ್ಲ" ಎಂದು ಗೊಣಗುತ್ತ ಗುಬ್ಬಿಯ ಅಮ್ಮ ಮೆಟ್ಟಿಲು ಹತ್ತುವಳು.

ಗಂಡನಿಗೆ ಇದೆಲ್ಲ ತಮಾಷೆ. "ನೀನು ಓದೋಕೆ ಬಂದಿರೋದೇ ಇದನ್ನಲ್ವೇನೇ? ಪುಸ್ತಕದಲ್ಲಿದ್ರೆ ಪರಿಸರ, ಸೂಜಿಯಮ್ಮ ಹೇಳಿದ್ರೆ ಕಿರಿಕಿರಿ!"

ಶುಕ್ರವಾರ ಗುಬ್ಬಿಯ ಶಿಶುಶಾಲೆಯಿಂದ ಚೀಟಿ ಬಂತು. ಸೋಮವಾರದಿಂದ ಎಷ್ಟೇ ಚಳಿಯಿದ್ದರೂ ಮಕ್ಕಳು ಹೊರಗೇ ಆಡುತ್ತಾರೆ. ದಪ್ಪ ಕೋಟಿಲ್ಲದ ಮಗುವನ್ನು ಕಳಿಸಬೇಡಿ. ಅಂಗಡಿಗಳಲ್ಲಿ ಅವಳ ಅಳತೆಯದು ಮುಗಿದಿತ್ತು, ತರಿಸಿದ ಹೊಸ ಕೋಟು ಗುರುವಾರಕ್ಕೆ ಮುಂಚೆ ಬಾರದಂತೆ. ಸೋಮವಾರವೇ ಗುಬ್ಬಿಯ ಅಮ್ಮ ತರಗತಿಯ ಮುಂದೆ ಪ್ರಬಂಧ ಓದಬೇಕು. ತಪ್ಪಿದರೆ ಈ ಅವಧಿಯ ಓದೆಲ್ಲ ನೀರಿನಲ್ಲಿ ಹೋಮ. ಗಂಡನಿಗೋ ಬೆಳಗಿನ ಪಾಳಿ. ಪ್ರಬಂಧದ ವಿಷಯ, ಒಂದೇ ವಸ್ತುವನ್ನು ಹಲವು ಮನೆಗಳು ಬಳಸುವುದು ಹೇಗೆ ಎಂಬುದು.

ಬಟ್ಟೆಕೋಣೆಯ ಗೋಡೆಗೊಂದು ಕಪಾಟಿತ್ತು. ಬೇಡವಾದದ್ದನ್ನು ಇಡಬಹುದು, ಬೇಕಾದವರು ಒಯ್ಯಬಹುದು. ಅದನ್ನು ಗುಬ್ಬಿಯ ಅಮ್ಮ ಬೆರಳಿನಿಂದಲೂ ಮುಟ್ಟಿದವಳಲ್ಲ. ಶನಿವಾರ ಗುಬ್ಬಿ ಅದರೊಳಗಿಂದ ಹಳದಿ ಕೋಟೊಂದನ್ನು ಎಳೆದು ತೊಟ್ಟುಕೊಂಡು "ನಂದು" ಎಂದು ನಿಂತುಬಿಟ್ಟಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

ಅಮ್ಮ ಅದನ್ನು ಬಿಚ್ಚಿಸಿ ಮೂಸಿದಳು, ಜೇಬು ತಿರುವಿದಳು, ಅಸ್ತರು ತಡವಿದಳು. ಕಾಲರಿನ ಒಳಗಿನ ಬಿಳಿ ಪಟ್ಟಿಯ ಮೇಲೆ ದಾರದಲ್ಲಿ ಹೊಲಿದ ನಾಲ್ಕು ಮಕ್ಕಳ ಹೆಸರು. ನಾಲ್ಕರ ಮೇಲೂ ಕೆಂಪು ದಾರದ ಗೀಟು. ಕೆಳಗೆ ಇನ್ನೊಂದು ಹೆಸರಿಗಾಗುವಷ್ಟು ಜಾಗ.

ತವರಿನಲ್ಲಿ ಹೆಸರಿನ ಮೇಲೆ ಗೀಟು ಬಿದ್ದದ್ದನ್ನು ಅವಳು ಕಂಡದ್ದು ಒಂದೇ ಸಲ, ತಾತ ತೀರಿಕೊಂಡ ತಿಂಗಳು, ರೇಷನ್ ಕಾರ್ಡಿನಲ್ಲಿ.

"ನಾಲ್ಕು ಮಕ್ಕಳು ರೀ! ಒಂದಲ್ಲ, ಎರಡಲ್ಲ!"

"ಅದು ಕೋಟು ಕಣೇ, ಯಮನ ದಫ್ತರ ಅಲ್ಲ. ಹೋಗಿ ಕೇಳಬಾರದಾ?"

ಭಾನುವಾರ ಬೆಳಿಗ್ಗೆ ಕೇಳಿಯೇ ಬಿಟ್ಟಳು. ಸೂಜಿಯಮ್ಮ ಯಾರದ್ದೋ ಕಾಲುಚೀಲದ ತೂತು ಮುಚ್ಚುತ್ತ ಕೂತಿದ್ದಳು.

"ಗೀಟಾ? ಕೋಟು ಚಿಕ್ಕದಾಯ್ತು ಅಂತ. ಮತ್ತೇನಂದ್ಕೊಂಡೆ?"

ಗುಬ್ಬಿಯ ಅಮ್ಮ "ನೀವು ಮೊದಲು ಎಲ್ಲಿದ್ರಿ?" ಎಂದು ಸುತ್ತು ಬಳಸಿ ಹೊರಟಳು.

ಸೂಜಿಯಮ್ಮ ಹದಿನೆಂಟಕ್ಕೇ ಆಸ್ಪತ್ರೆಯೊಂದರ ಹೊಲಿಗೆಕೋಣೆ ಸೇರಿದವಳು. ಹರಿದ ಹೊದಿಕೆ, ಗುಂಡಿ ಕಿತ್ತ ಅಂಗಿ ಸರಿಮಾಡುವುದೇ ಇಪ್ಪತ್ತಾರು ವರ್ಷದ ಕಾಯಕ. ಆಮೇಲೆ ಒಮ್ಮೆ ಬಳಸಿ ಎಸೆಯುವ ಬಟ್ಟೆ ಬಂತು, ಕೋಣೆಗೆ ಬೀಗ ಬಿತ್ತು. ಯಾರಿಗೂ ಬೇಡವಾದ ದಾರದುಂಡೆಗಳನ್ನು ಚೀಲದಲ್ಲಿ ತುಂಬಿಕೊಂಡು ಇಲ್ಲಿಗೆ ಬಂದಳು.

ಆಸ್ಪತ್ರೆ ಎಂದದ್ದೇ ಗುಬ್ಬಿಯ ಅಮ್ಮನ ಕಿವಿ ನೆಟ್ಟಗಾದವು. "ಈ ಕೋಟೂ ಅಲ್ಲಿಂದಲೇ ಬಂತಾ?"

"ಅಲ್ಲ ತಾಯಿ, ನನ್ನ ಮಗಳಿಗೆ ಹೊಲಿದಿದ್ದು. ಮೊದಲನೇ ಹೆಸರು ಅವಳದೇ. ಈಗ ಲಾರಿ ಓಡಿಸ್ತಾಳೆ. ಅವಳಿಗೆ ಚಿಕ್ಕದಾದ ಮೇಲೆ ಕೋಟು ಹತ್ತು ವರ್ಷ ಪೆಟ್ಟಿಗೇಲಿತ್ತು."

"ಎರಡನೆಯದು?"

"ನಿಮ್ಮ ಬಾಗಿಲಿಗೆ ಚೆಂಡು ಬಡೀತಾನಲ್ಲ ನಾಲ್ಕನೇ ಮಹಡಿ ಗಡವ, ಅವನದು. ಮೂರನೆಯದು ಅವನ ತಂಗಿದು."

"ನಾಲ್ಕನೆಯದು?"

ಸೂಜಿ ನಿಂತಿತು. "ಆ ಹುಡುಗನ ವಿಷಯ ಗೊತ್ತಿಲ್ಲ. ಹೋದ ಚಳಿಗಾಲ ಅವರಮ್ಮ ಒಂದು ದಿನ ಕೋಟನ್ನ ಈ ಬಾಗಿಲಿಗೆ ನೇತುಹಾಕಿ ಮನೆ ಖಾಲಿ ಮಾಡ್ಕೊಂಡು ಹೋದಳು. ಹೇಳಲಿಲ್ಲ, ಕೇಳಲಿಲ್ಲ. ಕೋಟು ವಾಪಸ್ ಬಂತು, ಗೀಟು ಹಾಕಿದೆ. ಚೆನ್ನಾಗಿದ್ದಾನೆ ಅಂತ ನಿಂಗೆ ಹೇಳಿಬಿಡಬಹುದು. ಗೊತ್ತಿಲ್ಲದ್ದನ್ನ ಹೇಗೆ ಹೇಳಲಿ?"

ಹೇಳಿದ್ದರೆ ಗುಬ್ಬಿಯ ಅಮ್ಮ ನಂಬುತ್ತಿರಲಿಲ್ಲ. ಹೇಳದೆ ಬಿಟ್ಟದ್ದನ್ನು ನಂಬದಿರಲು ದಾರಿ ಸಿಗದೆ ಅವಳಿಗೆ ಸಿಟ್ಟೇ ಬಂತು.

"ಬಿಸಿನೀರಲ್ಲಿ ಎರಡು ಸಲ ಒಗೆದು ತಗೊಳ್ತೀನಿ."

"ಬಿಸಿನೀರಿಗೆ ಹಾಕಿದ್ರೆ ಬೊಂಬೆಗೆ ತೊಡಿಸ್ಬೇಕಾಗುತ್ತೆ. ತಣ್ಣೀರು, ಒಂದೇ ಸಲ. ಕೊಡಿಲ್ಲಿ, ಹೆಸರು ಹೊಲೀತೀನಿ."

"ಬೇಡ!" ದನಿ ತನಗೇ ಜೋರೆನಿಸಿತು. "ದಾರ ಕೊಡಿ, ನಾನೇ ಹೊಲ್ಕೋತೀನಿ."

ಕೋಟು ಒಣಗಿದ ಮೇಲೆ ಹೊಲಿದಳು, ಬೆರಳಿಗೆ ಮೂರು ಸಲ ಚುಚ್ಚಿಕೊಂಡು. ಆ ನಾಲ್ವರ ಕೆಳಗಲ್ಲ. ಎಡ ಜೇಬಿನ ತಳದಲ್ಲಿ, ಯಾರ ಕೆಂಪು ದಾರಕ್ಕೂ ಸಿಗದ ಮೂಲೆಯಲ್ಲಿ. ಸೂಜಿಯಮ್ಮ ಕಂಡೂ ಕಾಣದಂತೆ ಕಾಲುಚೀಲ ಮಡಚಿಟ್ಟಳು.

ಸೋಮವಾರ ಶಿಶುಶಾಲೆಯ ಬೇಲಿಯಾಚೆ ಇಪ್ಪತ್ತು ಮಕ್ಕಳು ಕೆಸರಲ್ಲಿ ಉರುಳುತ್ತಿದ್ದವು. ಮೊಣಕೈಗೆ ತೇಪೆಯಿಲ್ಲದ ಕೋಟು ಎರಡೋ ಮೂರೋ. ಹಳದಿ ಕೋಟು ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಯಾವುದೋ ಮಗು ಕೆಮ್ಮಿತು. ಹೊರಟಿದ್ದ ಗುಬ್ಬಿಯ ಅಮ್ಮ ತಿರುಗಿ ಬಂದು, ಪ್ರಬಂಧದ ಹಾಳೆಗಳನ್ನು ಎದೆಗೊತ್ತಿಕೊಂಡು ಬೇಲಿಗೆ ಮುಖವಿಟ್ಟಳು. ಕೆಮ್ಮಿದ್ದು ಹೊಚ್ಚಹೊಸ ನೀಲಿ ಕೋಟಿನ ಹುಡುಗ. ಇನ್ನೊಮ್ಮೆ ಅವನು ಕೆಮ್ಮುವವರೆಗೆ ಕಾದು, ಗುಬ್ಬಿಯಲ್ಲ, ಅವನೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಬಸ್ಸಿನ ಕಡೆಗೆ ಓಡಿದ್ದು.