ಇಬ್ಬರ ಭಾರದ ಅಳತೆ

ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕುಳಿತು ಓದುಗರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ದುಬೈನ ಸತ್ವಾದಲ್ಲಿ ನನ್ನ ಪತಿ ಕೆಲಸ ಮಾಡುವ ಗ್ಯಾರೇಜಿನಲ್ಲಿ ಇಂದು ಮಧ್ಯಾಹ್ನ ನಾನು ಹಿಮದ ಸ್ಕೂಟರೊಂದನ್ನು ಕಂಡೆನು. ಮಾಲ್ ಒಂದರ ಒಳಗಿರುವ ಕೃತಕ ಹಿಮದಂಗಳದಿಂದ ಅದು ದುರಸ್ತಿಗೆ ಬಂದಿತ್ತು. ಮುಂದೆ ಚಕ್ರವಿರಬೇಕಾದಲ್ಲಿ ಇದ್ದ ಎರಡು ಜಾರುಹಲಗೆಗಳು ಕಾದ ಸಿಮೆಂಟಿನ ಮೇಲೆ ಊರಿದ್ದವು.

ಇಬ್ಬರು ಕುಳಿತರೆ ಹಿಂಭಾಗ ಪೂರ್ತಿ ತಗ್ಗಿ ತಳಕ್ಕೆ ಬಡಿಯುತ್ತದೆಂಬುದು ದೂರು. ಪತಿಯವರು ಹಿಂದಿನ ಸ್ಪ್ರಿಂಗುಗಳನ್ನು ಬಿಗಿಗೊಳಿಸಿದರು. ಇನ್ನು ಇಬ್ಬರು ಕುಳಿತಾಗ ಸೀಟು ಎಷ್ಟು ತಗ್ಗುತ್ತದೆಂದು ಅಳೆಯಬೇಕಿತ್ತು. ಫೋರ್‌ಮನ್ ಹಮೀದ್ ಕಾಕ ಟೇಪು ಹಿಡಿದು, "ತಂಗಿ, ಅವನ ಹಿಂದೆ ನೀವೇ ಕೂತ್ಕೊಳ್ಳಿ" ಎಂದರು.

ನನ್ನ ವಿಸಿಟ್ ವೀಸಾ ಮುಗಿಯುತ್ತಿದ್ದುದರಿಂದ ಸಂಜೆಯೇ ಮಂಗಳೂರಿನ ವಿಮಾನ ಹತ್ತಬೇಕಿತ್ತು. ಮುಂದೆ ಕುಳಿತಿದ್ದ ಪತಿಯ ಭುಜ ಹಿಡಿದು ಹಿಂದೆ ಕುಳಿತೆನು. ಅಂಗಿಯಲ್ಲಿ ಗ್ರೀಸಿನ ವಾಸನೆಯಿತ್ತು.

"ಸರಿ ಉಂಟು" ಎಂದರು ಕಾಕ.

"ಇನ್ನೊಮ್ಮೆ ನೋಡಿ ಕಾಕ" ಎಂದರು ಪತಿ.

ಎರಡನೆಯ ಸಲವೂ ಅಷ್ಟೇ ಬಂತು. ಮೂರನೆಯ ಸಲವೂ ಅಷ್ಟೇ.

"ಖಲಾಸ್ ಮಾರಾಯಾ. ಸ್ಪ್ರಿಂಗ್ ಸರಿ ಆಗಿ ಕಾಲು ಗಂಟೆ ಆಯ್ತು. ಇನ್ನೆಂತ ನೋಡ್ಲಿಕ್ಕುಂಟು?"

ಪತಿಯವರು ಇಳಿಯಲಿಲ್ಲ. ನಾನೂ ಕೈ ತೆಗೆಯಲಿಲ್ಲವೆಂಬುದನ್ನು ಇಲ್ಲಿ ನಮೂದಿಸುವುದು ನನ್ನ ಕರ್ತವ್ಯ.

ಕಾಕ ನಮ್ಮಿಬ್ಬರನ್ನೂ ನೋಡಿದರು. "ಟೇಪು ಎಲ್ಲಿಟ್ಟೆನೋ, ಕಾಣುದಿಲ್ಲ. ಒಳಗೆ ಹುಡುಕಿ ಬರ್ತೇನೆ. ಅಲ್ಲಿವರೆಗೆ ಏಳ್ಬೇಡಿ, ಅಳತೆ ತಪ್ತದೆ" ಎಂದು ಹೇಳಿ, ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದರು.