ಅರವತ್ತಕ್ಕೆ ಎರಡು ಕಡಿಮೆ

ಹೊಸ ಶಾಲೆಯ ಕೆಲಸಕ್ಕೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ತನ್ನಿ ಎಂದಿದ್ದರು. ಫೈಲು ಬಿಚ್ಚಿದರೆ ಎರಡನೇ ಸೆಮಿಸ್ಟರಿನ ಅಂಕಪಟ್ಟಿಗೆ ಒಂದು ಝೆರಾಕ್ಸ್ ಹಾಳೆ ಅಂಟಿಕೊಂಡಿತ್ತು. ಬಸ್ ಡಿಪೋದ ಸೀಲು. ಮಂಕಿಯ ಹತ್ತಿರ ಗ್ಯಾಸ್ ಟ್ಯಾಂಕರ್ ಮಗುಚಿ ಬಸ್ಸು ಮೂರು ತಾಸು ನಿಂತಿತ್ತು ಎಂಬ ಎರಡು ಸಾಲು. ಓದುತ್ತಿದ್ದಂತೆ ಹಳೇ ಸಿಟ್ಟು ಮರಳಿ ಬಂತು. ಅದರ ಬೆನ್ನಿಗೇ ಆ ಕಂಡಕ್ಟರಣ್ಣನ ನೆನಪು...

ನಾನು ಭಟ್ಕಳದಲ್ಲಿ ಬಿಎಸ್ಸಿ ಸೇರಿದಾಗ ನಮ್ಮ ಮನೆ ಶಿರಾಲಿಯಲ್ಲಿತ್ತು. ಸೇರಿ ಎರಡು ತಿಂಗಳಿಗೆ ಆಯಿಗೆ ಕುಮಟಾದ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಇರಲಿಲ್ಲ. ಇಬ್ಬರೂ ಗಂಟುಮೂಟೆ ಕಟ್ಟಿ ಕುಮಟಾಕ್ಕೆ ಹೋದೆವು. ಕಾಲೇಜು ಮಾತ್ರ ಭಟ್ಕಳದಲ್ಲೇ ಉಳಿಯಿತು. ಹೈವೇ ಅಗಲ ಮಾಡುತ್ತಿದ್ದ ಕಾಲ. ಹೋಗಲು ಎರಡು ತಾಸು, ಬರಲು ಎರಡು ತಾಸು. ಪುಸ್ತಕ ಬಿಡಿಸಿದರೆ ನಿದ್ದೆ, ಮುಚ್ಚಿದರೆ ಭಯ.

ಬೆಳಗಿನ ಬಸ್ಸಿನ ಕಂಡಕ್ಟರಿಗೆ ಐವತ್ತು ದಾಟಿತ್ತು. ಕನ್ನಡಕ ಸದಾ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಡ್ರೈವರನ ಹಿಂದಿನ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ, "ಅದು ಓದುವವರ ಸೀಟು ಮಾರಾಯ್ರೆ" ಎಂದು ಎಬ್ಬಿಸುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಕೂರುತ್ತಿದ್ದೆ.

ಮೂರನೇ ಸೆಮಿಸ್ಟರಿಗೆ ಕುಮಟಾದ ಕಾಲೇಜಿಗೆ ಬರುವ ಆಸೆ ನನ್ನದು. ಅಲ್ಲಿ ಒಂದೇ ಮಾತು ಹೇಳಿದ್ದರು: ಎರಡೂ ಸೆಮಿಸ್ಟರಿನಲ್ಲಿ ನೂರಕ್ಕೆ ಅರವತ್ತು ಇರಬೇಕು. ಮೊದಲನೆಯದರಲ್ಲಿ ಅರವತ್ತೊಂದು ಬಂದಿತ್ತು. ಉಳಿದದ್ದು ಎರಡನೆಯದು.

ಅದರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಟ್ಯಾಂಕರ್ ಬಿದ್ದದ್ದು. ಹಿಂದೆ ಮುಂದೆ ಎಲ್ಲೂ ದಾರಿ ಇಲ್ಲ. ಕಂಡಕ್ಟರಣ್ಣ ನನ್ನಿಂದ ಕಾಲೇಜಿನ ನಂಬರು ಇಸಿದುಕೊಂಡು ಮತ್ತೆ ಮತ್ತೆ ಫೋನು ಹಚ್ಚಿದರು. ಅಲ್ಲಿ ಯಾರೂ ಎತ್ತಲಿಲ್ಲ. ನಾನು ಲ್ಯಾಬಿಗೆ ಓಡಿ ಮುಟ್ಟುವಾಗ ಉಳಿದವರು ಗಾಜಿನ ಸಾಮಾನು ತೊಳೆಯುತ್ತಿದ್ದರು. "ದಿನಾ ಒಬ್ಬೊಬ್ಬರ ಬಸ್ಸಿನ ಕತೆ ಕೇಳಿ ಸಾಕಾಗಿದೆ" ಎಂದು ಮೇಷ್ಟ್ರು ನನ್ನ ಹೆಸರಿನ ಮುಂದೆ ಗೈರು ಎಂದು ಬರೆದರು.

ಮರುದಿನ ಕಂಡಕ್ಟರಣ್ಣನಿಗೆ ರಜೆ. ಆದರೂ ಇಸ್ತ್ರಿ ಹಾಕಿದ ಖಾಕಿ ತೊಟ್ಟು, ಡಿಪೋದಿಂದ ಆ ಚೀಟಿ ಬರೆಸಿಕೊಂಡು ಕಾಲೇಜಿಗೆ ಬಂದಿದ್ದರು. ಪ್ರಿನ್ಸಿಪಾಲರ ಕೋಣೆಯ ಹೊರಗೆ ಒಂದು ತಾಸು ನಿಂತೇ ಇದ್ದರು. ಒಳಗೆ ಹೋದವರು ಹೇಳಿದ್ದು ಇಷ್ಟೇ: "ಸರ್, ಲೇಟಾದ್ದು ನಮ್ಮ ಬಸ್ಸು. ಹುಡುಗಿ ಟೈಮಿಗೆ ಸರಿಯಾಗಿ ಹತ್ತಿದ್ಲು."

ಪ್ರಿನ್ಸಿಪಾಲರು ನನ್ನನ್ನು ಕೊನೆಯ ಬ್ಯಾಚಿಗೆ ಹಾಕಿಸಿದರು. ಪರೀಕ್ಷೆಗೆ ಕೂರಲು ಸಿಕ್ಕಿತು. ಆದರೆ ಟೈಟ್ರೇಷನ್ನಿನಲ್ಲಿ ಎರಡು ಸಲ ಹನಿ ಹೆಚ್ಚು ಬಿದ್ದು ಬಣ್ಣ ಮೀರಿತು. ಆಮೇಲೆ ಫಲಿತಾಂಶಕ್ಕಾಗಿ ಒಂದೂವರೆ ತಿಂಗಳು ಕಾದೆ. ಒಂದು ಪೇಪರಿನಲ್ಲಿ ಎಷ್ಟು ಬಂದರೆ ಇನ್ನೊಂದರಲ್ಲಿ ಎಷ್ಟು ಬೇಕು ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯೆಲ್ಲ ಲೆಕ್ಕ ಹಾಕಿ ತುಂಬಿಸಿದ್ದೆ. ಬಂದದ್ದು ಐವತ್ತೆಂಟು.

ಕುಮಟಾ ಕಾಲೇಜಿನ ಗುಮಾಸ್ತರು ಅಂಕಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಡಿಪೋದ ಚೀಟಿ ತೋರಿಸಿದೆ. "ಟ್ಯಾಂಕರ್ ಬಿದ್ದದ್ದಕ್ಕೆ ನಾವು ಎಂತ ಮಾಡುದು?" ಎಂದರು.

ಮಾರನೇ ಬೆಳಿಗ್ಗೆ ಬಸ್ಸು ಹತ್ತಿದೆ. ಕಂಡಕ್ಟರಣ್ಣ ಜನರ ನಡುವೆ ನುಸುಳಿ ಬಂದು ಆಸೆಯಿಂದ ಕೇಳಿದರು.

"ಎಂತ ಆತು ತಂಗಿ? ಸಿಕ್ಕಿತಾ?"

ನನಗೆ ಏನಾಯಿತೋ... ಗುಮಾಸ್ತರಿಗೆ ಹೇಳಲಾಗದ್ದು, ಮೇಷ್ಟ್ರಿಗೆ ಹೇಳಲಾಗದ್ದು ಎಲ್ಲ ಅವರ ಮೇಲೆ ಬಿತ್ತು. "ನಿಮ್ಮ ದರಿದ್ರ ಬಸ್ಸಿಂದ್ಲೇ ನನ್ನ ಓದು ಹಾಳಾತು! ಇನ್ನು ನನ್ನ ಹತ್ರ ಎಂತದೂ ಕೇಳ್ಬೇಡಿ!" ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು. ಅವರು ಕನ್ನಡಕ ಏರಿಸಿಕೊಂಡು ಟಿಕೆಟ್ ಮಷಿನ್ನು ನೋಡಿದರು.

"ಆತು ತಂಗಿ. ಈಗ ಕೂತ್ಕೊ. ಮುಂದೆ ರಸ್ತೆ ಸರಿ ಇಲ್ಲೆ."

ನನ್ನ ಸೀಟಿನಲ್ಲಿ ಕೂತಿದ್ದವರನ್ನು ಆ ದಿನವೂ ಎಬ್ಬಿಸಿದರು. ನಾನು ಕೂತೆ. ಕಿಟಕಿಗೆ ಮುಖ ಮಾಡಿ ಕೂತೆ. ನಾಳೆ ಮಾತಾಡಿಸಿದರಾಯಿತು ಎಂದುಕೊಳ್ಳುತ್ತಲೇ ಎರಡು ವಾರ ಕಳೆದವು. ಆಮೇಲೆ ಒಂದು ಬೆಳಿಗ್ಗೆ ಬೇರೆ ಕಂಡಕ್ಟರ್ ಬಂದ. ಅವರಿಗೆ ಘಟ್ಟದ ಮೇಲಿನ ಡಿಪೋಕ್ಕೆ ವರ್ಗವಾಗಿದೆಯಂತೆ. ವರ್ಗ ಕೇಳಿ ಅಲೆದವಳು ನಾನು. ಸಿಕ್ಕಿದ್ದು ಕೇಳದೇ ಇದ್ದವರಿಗೆ.

ಉಳಿದೆರಡು ವರ್ಷ ಅದೇ ರಸ್ತೆಯಲ್ಲಿ ಓಡಾಡಿ ಡಿಗ್ರಿ ಮುಗಿಸಿದೆ. ಬಿಎಡ್ ಆಯಿತು, ಕೆಲಸವೂ ಆಯಿತು. ಅಂಕಪಟ್ಟಿ ಕೇಳಿದರೂ ಆ ಐವತ್ತೆಂಟು ಯಾಕೆ ಎಂದು ಈಗ ಯಾರೂ ಕೇಳುವುದಿಲ್ಲ. ಯಾರೂ ಕೇಳದ ಎರಡು ಅಂಕಕ್ಕಾಗಿ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಹರಿಹಾಯ್ದೆನಲ್ಲ ಎಂಬ ಸಂಕಟ ಮಾತ್ರ ಕರಗಿಲ್ಲ.

ಕಳೆದ ವಾರ ಕುಮಟಾ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ವಿಚಾರಿಸಿದೆ. ಕನ್ನಡಕಕ್ಕೆ ದಾರ ಕಟ್ಟುತ್ತಿದ್ದವರು ಎಂದ ಕೂಡಲೇ ಅವರಿಗೆ ಗುರುತು ಹತ್ತಿತು.

"ಅವ್ರಾ? ರಿಟೈರಾಗಿ ವರ್ಷ ತುಂಬುದ್ರೊಳಗೆ ತೀರಿಕೊಂಡ್ರಲ್ಲ... ನಿಮಗೆ ಎಂತ ಆಗ್ಬೇಕಿತ್ತು?"

"ಒಂದು ಮಾತು ಹೇಳುದಿತ್ತು" ಎಂದೆ.

ಅವರು ಪೆನ್ನು ಹಿಡಿದೇ ಕಾದರು, ನಾನು ಇನ್ನೂ ಏನೋ ಹೇಳುತ್ತೇನೆಂದು. ಹಿಂದೆ ನಿಂತಿದ್ದವರೊಬ್ಬರು ಹೊನ್ನಾವರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.