ಚೀಸಿನ ಮೇಲೆ ಬಂದ ಸಂಶಯ

ಆ ಗುರುವಾರ ಬೆಳಗ್ಗೆಯೂ ಎಂದಿನಂತೆ ಹಾಲು ಕಾಯಲಿಟ್ಟು, ಅದು ಉಕ್ಕುವುದರೊಳಗೆ ಮಗಳ ಡಬ್ಬಿ ಕಟ್ಟಲು ನಿಂತೆ. ಕುಂದಗೋಳದ ನಮ್ಮ ಮನೆಯಲ್ಲಿ ಬೆಳಗಿನ ಅಡಿಗೆ ಎರಡು ಸಲ ಆಗುತ್ತದೆ. ಮೊದಲು ಮಗಳದು, ಆಮೇಲೆ ಉಳಿದವರದು. ಹುಬ್ಬಳ್ಳಿಯ ರೈಲು ಹಿಡಿಯುವ ಗಂಡನಿಗೆ ಚಪಾತಿ ಬೇಕು, ಅತ್ತೆಯವರಿಗೆ ಉಪ್ಪಿಟ್ಟು ಬೇಕು. ಆದರೆ ಮಗಳ ಡಬ್ಬಿ ಚೀಲದೊಳಗೆ ಹೋಗುವವರೆಗೆ ನಾನು ಗೋಧಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ಅವಳ ಹಂಚು ಬೇರೆ, ಸೌಟು ಬೇರೆ, ಒರೆಸುವ ಬಟ್ಟೆಯೂ ಬೇರೆ, ನೀಲಿ ಅಂಚಿನದು.

ಅವಳಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಉಂಡದ್ದು ಮೈಗೆ ಹತ್ತದೆ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಂತಾಗಿದ್ದವು. ಹುಬ್ಬಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಬಾಯಿಯಿಂದ ಕೊಳವೆ ಇಳಿಸಿ ಕರುಳು ನೋಡಿದರು. ಗೋಧಿಯಲ್ಲಿರುವ ಗ್ಲುಟೆನ್ ಇವಳಿಗೆ ಆಗುವುದಿಲ್ಲ ಎಂದರು. ಚಪಾತಿ, ರವೆ, ಮೈದಾ, ಬ್ರೆಡ್ಡು, ಬಿಸ್ಕೀಟು ಎಲ್ಲ ಬಂದ್, ಜೀವನಪೂರ್ತಿ. ಸ್ವಲ್ಪ ಹೋದರೂ ಕರುಳಿಗೆ ಪೆಟ್ಟು ಎಂದು ಎರಡು ಸಲ ಹೇಳಿದರು. ಮನೆಗೆ ಬಂದ ಮೇಲೆ ನಾನು ಅಡಿಗೆಮನೆಯ ಒಂದೊಂದೇ ಡಬ್ಬಿ ಇಳಿಸಿ ಲೇಬಲ್ ಓದಿದೆ. ಸಹಿ ಹಾಕುವ ಮೊದಲು ಕೊನೆಯ ಸಾಲಿನವರೆಗೆ ಓದಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಆ ಅಭ್ಯಾಸ ಅಂದು ಕೆಲಸಕ್ಕೆ ಬಂತು. ಇಂಗಿನ ಡಬ್ಬಿಯ ಮೇಲೆಯೂ ಮೈದಾ ಎಂದು ಬರೆದಿತ್ತು. ಅಂದಿನಿಂದ ನಮ್ಮ ಸಾರಿಗೆ ಇಂಗಿಲ್ಲ.

ಅತ್ತೆಯವರು ಮಾತ್ರ ಒಂದು ಕರಾರು ಹಾಕಿದ್ದರು. ಹೆಣ್ಣುಮಗಳು, ನಾಳೆ ಲಗ್ನದ ಮಾತು ಬರುವಾಕೆ, ಇಂಥದೊಂದು ಜಡ್ಡಿದೆ ಎಂದು ಓಣಿಯಲ್ಲಿ ಯಾರ ಮುಂದೆಯೂ ಆಡಬಾರದು. ನನಗೂ ಅದು ಸರಿ ಎನಿಸಿತೋ, ಎದುರಾಡುವುದು ಬೇಡವೆನಿಸಿತೋ, ಈಗ ಹೇಳಲಾರೆ. ಅಂತೂ ಒಪ್ಪಿದೆ. ಶಾಲೆಯ ಟೀಚರಿಗೆ ಮಾತ್ರ ತಿಳಿಸಿದ್ದೆವು.

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಕಾನ್ವೆಂಟಿನಲ್ಲಿ ಕ್ರೋಶಾ ಕಲಿಸಿದರು, ಕೇಕ್ ಕಲಿಸಿದರು. ಜೋಳದ ರೊಟ್ಟಿ ನನ್ನ ಕೈಯಲ್ಲಿ ಹಂಚಿಗೆ ಹಾಕುವಾಗಲೇ ಎರಡಾಗುತ್ತದೆ. ಅದಕ್ಕೆ ಬಾಜೂ ಮನೆಯ ಅಕ್ಕ ಬಡಿದು ಕೊಡುತ್ತಾರೆ. ಐದಾರು ಮನೆಗೆ ಅವರದೇ ರೊಟ್ಟಿ. ನಮ್ಮ ಹೊಲದ ಜೋಳವನ್ನು ನಾನೇ ಹಸನು ಮಾಡಿ, ಜೋಳಕ್ಕೇ ಬೇರೆ ಕಲ್ಲಿರುವ ಗಿರಣಿಯಲ್ಲಿ ಬೀಸಿಸಿ ಹಿಟ್ಟು ಕೊಡುತ್ತೇನೆ. ಅತ್ತೆಯವರದು ಒಂದು ವ್ರತವಿದೆ, ನಮ್ಮ ಹಿಟ್ಟು ನಾದಲು ಬೇರೆ ಪರಾತ, ಬೇರೆ ಹಂಚು ಬೇಕು ಎಂದು ಹೇಳಿ ಎರಡನ್ನೂ ಹೊಸದಾಗಿ ಕೊಡಿಸಿದ್ದೆ. ಸುಳ್ಳು ಹೇಳಿದ್ದಕ್ಕೆ ಒಂದೆರಡು ದಿನ ಮನಸ್ಸು ಚುಚ್ಚಿತು. ಅಕ್ಕ ಮಾತ್ರ ಆ ಪರಾತದಲ್ಲಿ ಬೇರೆ ಮನೆಗಳ ರೊಟ್ಟಿಯ ಹಿಟ್ಟು ಎಂದೂ ನಾದಲಿಲ್ಲ.

ಮಗಳ ಡಬ್ಬಿಗೆ ಆ ರೊಟ್ಟಿ, ಒಳಗೊಂದು ಚೀಸಿನ ಹಾಳೆ. ಬೇರೆ ಮಕ್ಕಳು ಬೇಕರಿಯ ಪಫ್ ತಂದಾಗ ಮೊದಮೊದಲು ಇವಳು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳಂತೆ. ಚೀಸ್ ಬಂದ ಮೇಲೆ ಗೆಳತಿಯರೇ ಕೈಚಾಚುತ್ತಿದ್ದರು. ಮೊದಲು ಸುತ್ತುವಾಗ ರೊಟ್ಟಿ ಸೀಳಿ ಚೀಸು ಹೊರಗೆ ಬರುತ್ತಿತ್ತು. ಇತ್ತೀಚೆಗೆ ಅಕ್ಕನ ಕೈ ಇನ್ನೂ ಪಳಗಿತ್ತೋ ಏನೋ, ಅಂಚು ಒಡೆಯದೆ ಚೆಂದಾಗಿ ಸುರುಳಿಯಾಗುತ್ತಿತ್ತು. ನಾನು ಹೊಗಳಿಯೂ ಇದ್ದೆ.

ಆ ಬೆಳಗ್ಗೆ ಮಗಳು ಅರ್ಧ ಹಾಲು ಬಿಟ್ಟು, ಶಾಲೆಯ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು. ಹದಿನೈದು ದಿನದಲ್ಲಿ ಇದು ನಾಲ್ಕನೆಯ ಸಲ. ಎರಡು ವರ್ಷ ತಲೆ ಹಾಕದ ನೋವು ಮತ್ತೆ ಬಂದಿತ್ತು. ಮುಂದಿನ ತಿಂಗಳು ತಪಾಸಣೆ. ತೂಕ ಇಳಿದಿದ್ದರೆ ಮತ್ತೆ ಕೊಳವೆ ಹಾಕಿ ನೋಡುತ್ತೇವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳ ಲಂಗದ ಪಟ್ಟಿ ಸಡಿಲಾಗಿ, ನಾನು ಹಾಕುವ ಪಿನ್ನು ಒಂದು ಬೆರಳು ಒಳಗೆ ಸರಿದಿತ್ತು.

ಅತ್ತೆಯವರು ಉಪ್ಪಿಟ್ಟಿನ ತಾಟು ಹಿಡಿದುಕೊಂಡೇ ಹೇಳಿದರು. "ನಾ ಮೊದಲ ಹೇಳಿದ್ನಿ, ಆ ಹಳದಿ ಸಾಬಾಣದಂಥಾ ಚೀಸ ತಿನ್ನಿಸಬ್ಯಾಡ ಅಂತ. ಪ್ಯಾಕೀಟಿನ್ಯಾಗ ಬಂದದ್ದರಾಗ ಏನ ಕೂಡಿಸಿರ್ತಾರ, ಯಾರ ಕಂಡಾರು?"

ಮಗಳು ಹೊಸ್ತಿಲಿಂದಲೇ ಕೇಳಿಸಿಕೊಂಡಳು. "ಮಮ್ಮಿ, ಚೀಸ್ ಬಿಡಸಬ್ಯಾಡ. ಅದಲ್ಲ."

"ಮತ್ತ ಏನು?" ಎಂದೆ.

"ಗೊತ್ತಿಲ್ಲ. ಆದ್ರ ಅದಲ್ಲ."

ಅವಳನ್ನು ಶಾಲೆಗೆ ಕಳಿಸದೆ ಮಲಗಿಸಿದೆ. ಫ್ರಿಜ್ಜಿನಿಂದ ಚೀಸಿನ ಪೊಟ್ಟಣ ತೆಗೆದು, ಅತ್ತೆಯವರ ಚಾಳೀಸು ಕನ್ನಡಕವನ್ನು ಲೇಬಲ್ಲಿನ ಮೇಲೆ ಹಿಡಿದು ಮತ್ತೆ ಓದಿದೆ. ಚೀಸು, ಉಪ್ಪು, ಹಾಲಿನ ಪುಡಿ, ಕೆಡದಂತೆ ಹಾಕುವ, ಹೆಸರಿನ ಬದಲು ಅಂಕಿ ಬರೆದ ಎರಡು ಪದಾರ್ಥಗಳು. ಗೋಧಿಯ ಹೆಸರಿಲ್ಲ. ಆದರೂ ಆ ಅಂಕಿಗಳ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ಮೇಡಂಗೆ ಫೋನ್ ಹಚ್ಚಿದೆ. ಚೀಸು ಹಾಲಿನದು, ಸಾದಾ ಚೀಸಿನಲ್ಲಿ ಗ್ಲುಟೆನ್ ಇರುವುದಿಲ್ಲ ಎಂದರು. ಹಚ್ಚಿ ತಿನ್ನುವ ಮಸಾಲೆ ಚೀಸು, ತುರಿದು ಮಾರುವ ಚೀಸು, ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಇವುಗಳಲ್ಲಿ ಏನಾದರೂ ಸೇರಿಸಿರಬಹುದು, ಲೇಬಲ್ ನೋಡಬೇಕು. ನಾನು ಆ ಅಂಕಿಗಳನ್ನು ಓದಿ ಹೇಳಿದೆ. ಅವೂ ಗೋಧಿಯಲ್ಲ ಎಂದರು. ಆಮೇಲೆ, ಮತ್ತೇನು ತಿನ್ನುತ್ತಾಳೆ ಎಂದು ಕೇಳಿದರು.

ಅನ್ನ, ಬೇಳೆ, ಪಲ್ಯ, ಮೊಸರು, ಶೇಂಗಾ ಚಟ್ನಿ ಎಂದು ಒಂದೊಂದೇ ಹೇಳಿದೆ. ರೊಟ್ಟಿಯ ಬಗ್ಗೆ ಕೇಳಿದಾಗ ನನಗೆ ಒಂದಿಷ್ಟು ಅವಮಾನವೇ ಆದಂತೆನಿಸಿತು. "ರೊಟ್ಟಿ ನಮ್ಮ ಹೊಲದ ಜ್ವಾಳದ್ದರಿ ಮೇಡಂ, ನಾನ ಹಸನ ಮಾಡತೀನ್ರಿ," ಎಂದೆ. ಅವರು ಮುಂದೆ ಕೇಳಲಿಲ್ಲ. ಬಡಿಯುವವರು ಯಾರೆಂದು ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಮಧ್ಯಾಹ್ನ ಚೀಸು ತರುವ ಅಂಗಡಿಗೂ ಹೋಗಿ ಬಂದೆ. ಅವನು ಪೊಟ್ಟಣ ಬಿಚ್ಚಿ ಮಾರುತ್ತಾನೇನೋ, ಬ್ರೆಡ್ಡಿನ ಪಕ್ಕ ಇಡುತ್ತಾನೇನೋ ಎಂದು ನೋಡಬೇಕಿತ್ತು. ಐಸ್‌ಕ್ರೀಮಿನ ಪೆಟ್ಟಿಗೆಯ ಮೂಲೆಯಲ್ಲಿ, ಅಂಟು ಬಿಚ್ಚದ ಪೊಟ್ಟಣಗಳು ಅಚ್ಚುಕಟ್ಟಾಗಿ ನಿಂತಿದ್ದವು. ಹಿಂದಿರುಗುವಾಗ ಚೀಸನ್ನು ದೂರಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ಅದನ್ನು ಬಿಟ್ಟರೆ ದೂರಲು ಬೇರೆ ಏನೂ ಇರಲಿಲ್ಲ. ಉಳಿದದ್ದೆಲ್ಲ ಮನೆಯದೇ. ಪರೀಕ್ಷಿಸಿ ನೋಡಲು ಎರಡು ವಾರ ಚೀಸು ನಿಲ್ಲಿಸುವುದು ಎಂದು ನಿರ್ಧರಿಸಿದೆ. ಮಗಳಿಗೆ ಹೇಳಿದಾಗ ಅವಳು ಅಳಲಿಲ್ಲ, ಗೋಡೆಯ ಕಡೆ ಹೊರಳಿದಳು. "ಹಂಗಾದ್ರ ಡಬ್ಬಿಗೆ ಬರೇ ರೊಟ್ಟಿ ಕಟ್ಟು. ನಾ ಒಬ್ಬಾಕೀನ ಉಣ್ತೀನಿ," ಎಂದಳು.

ಮನೆಯಲ್ಲಿದ್ದರೆ ಅವಳ ಕಣ್ಣಿಗೆ ಬೀಳುತ್ತದೆ ಎಂದು ಪೊಟ್ಟಣವನ್ನು ಯಾರಿಗಾದರೂ ಕೊಡಬೇಕೆಂದಿದ್ದೆ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಂದರು. ಇನ್ನೂ ಬಿಸಿಯಿದ್ದವು. ಎಣಿಸಿ ಬುಟ್ಟಿಗೆ ಹಾಕಿಕೊಂಡು, ಮೊಮ್ಮಕ್ಕಳಿಗೆ ಕೊಡ್ರಿ ಎಂದು ಚೀಸಿನ ಪೊಟ್ಟಣ ಅವರ ಕೈಯಲ್ಲಿಟ್ಟೆ. ಅಕ್ಕ ಅದನ್ನು ಮೂಸಿ ನೋಡಿದರು, ಬೆರಳಿನಿಂದ ಒತ್ತಿ ನೋಡಿದರು. ಇದು ಅರಿವಿ ತೊಳಿಯೂದೋ ತಿನ್ನೂದೋ ಎಂದು ನಕ್ಕರು. ಒಳಗೆ ಮಲಗಿದ್ದ ಮಗಳನ್ನು ಕಂಡು, ಹುಡುಗಿ ಯಾಕ ಸೊರಗಿದಾಳ ಎಂದು ಕೇಳಿದರು. ಹೊಟ್ಟೆ ಸರಿಯಿಲ್ಲ ಎಂದಷ್ಟೇ ಹೇಳಿದೆ. ರೊಟ್ಟಿ ಮಾತ್ರ ತಪ್ಪಿಸಬ್ಯಾಡ, ಅದರಷ್ಟ ಹಗುರ ಊಟ ಇನ್ನೊಂದಿಲ್ಲ ಎಂದು ಬುದ್ಧಿ ಹೇಳಿ, ಖಾಲಿ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡರು. ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತ, ನೆನಪಾದವರಂತೆ ಹಿಂದಿರುಗಿ ನೋಡಿದರು.

"ಅಲ್ಲ ತಂಗಿ, ಹೊಸಾ ಜ್ವಾಳ ಬಂದಕೂಡ್ಲೇ ಬೀಸಿಸಿ ಕೊಡವಾ. ಈ ಚೀಲದ್ದು ಹಳೇದಾಗೇತಿ, ಜಿಗಿನ ಇಲ್ಲ, ಬಡದ್ರ ಸೀಳತಾವು. ಹದಿನೈದ ದಿನ ಆತು, ಪರಾತಿನ್ಯಾಗ ನಮ್ಮ ಮನೀದೊಂದ ಹಿಡಿ ಗೋದಿಹಿಟ್ಟ ಕೂಡಿಸಿನ ನಾದಾಕ ಹತ್ತೇನಿ."